ತೆಪ್ಪಕ್ಕೆ ಇನ್ನೂರ ನಲವತ್ತು

ಮೂವತ್ತೊಂದು ವರ್ಷ ನಾನು ಬೇರೆಯವರ ತಡವನ್ನು ಬರೆದುಕೊಂಡು ಹೊಟ್ಟೆ ಹೊರೆದವನು. ರಾಜಾಜಿನಗರದ ಒಂದು ಪಂಪಿನ ಕಾರ್ಖಾನೆಯಲ್ಲಿ ಟೈಮಾಫೀಸಿನ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಗೇಟು ದಾಟಿದರು, ಯಾರಿಗೆ ಹತ್ತು ನಿಮಿಷದ ಗ್ರೇಸು ಸಲ್ಲುತ್ತದೆ, ಯಾರ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡರು, ಎಲ್ಲವೂ ನನ್ನ ರಿಜಿಸ್ಟರಿನಲ್ಲಿ ಇರುತ್ತಿತ್ತು. ಜಗಳಕ್ಕೆ ಬಂದವರಿಗೆಲ್ಲ ನನ್ನದು ಒಂದೇ ಉತ್ತರ: "ಗಡಿಯಾರ ತೋರಿಸಿದ್ದನ್ನ ಬರೆದಿದೀನಿ." ಈ ಒಂದು ವಾಕ್ಯದ ಬಲದಿಂದ ನಾನು ಯೂನಿಯನ್ನಿನ ಐವರು ಕಾರ್ಯದರ್ಶಿಗಳನ್ನು ಎದುರಿಸಿದ್ದೇನೆ. ಅದೇ ವಾಕ್ಯದಿಂದ ಒಬ್ಬ ಒಳ್ಳೆಯ ಮನುಷ್ಯನ ಮಾನವನ್ನೂ ಕಳೆದಿದ್ದೇನೆ. ಆ ಸಂಗತಿಯನ್ನು ಹೇಳಿಬಿಟ್ಟರೆ ಮನಸ್ಸು ಹಗುರಾಗಬಹುದು ಎಂದು ನನ್ನ ಹೆಂಡತಿ ಕಲಾ ಹೇಳುತ್ತಾಳೆ. ನನಗೇನೋ ನಂಬಿಕೆ ಇಲ್ಲ.

ನಿವೃತ್ತಿಯಾದ ಮೇಲೆ ನಾವು ಅದೇ ನಗರದ ಅಂಚಿನ ಉಲ್ಲಾಳದಲ್ಲಿ ಮನೆ ಕಟ್ಟಿಸಿದೆವು. ನಮ್ಮ ಸೈಟು ಒಂದು ಕಾಲಕ್ಕೆ ದೊಡ್ಡಹನುಮಯ್ಯನವರ ರಾಗಿ ಹೊಲ. ಈಗ ಅವರಿಗೆ ಪಕ್ಕದ ರಸ್ತೆಯಲ್ಲಿ ಮೂರು ಅಂತಸ್ತಿನ ಮನೆ, ಬಾಡಿಗೆದಾರರು, ಎಲ್ಲ ಇದೆ. ಆದರೂ ಬೆಳಿಗ್ಗೆ ಆರೂವರೆಗೆ ಸರಿಯಾಗಿ ನಮ್ಮ ಪೋರ್ಟಿಕೋಗೆ ಬಂದು ಕುಳಿತುಬಿಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಪೋರ್ಟಿಕೋ ಅಲ್ಲ, ಕಣ. "ಇಲ್ಲೇ ಕಣಪ್ಪಾ ನಮ್ಮ ಮೇಟಿ ಕಂಬ ಇದ್ದಿದ್ದು" ಎಂದು ನನ್ನ ಸ್ಕೂಟರ್ ನಿಂತಿದ್ದ ಜಾಗ ತೋರಿಸುತ್ತಿದ್ದರು. ಕಲಾ ಎರಡು ಲೋಟ ಕಾಫಿ ತಂದಿಡುತ್ತಿದ್ದಳು. ಎಪ್ಪತ್ನಾಲ್ಕು ವರ್ಷದ ಅವರು ನನಗೆ ಹನುಮಣ್ಣ, ಅರವತ್ತಮೂರರ ನಾನು ಅವರಿಗೆ ಕಾಂತರಾಜಪ್ಪ. ನಾಲ್ಕು ವರ್ಷ ಒಂದು ದಿನವೂ ಅವರು ತಡ ಮಾಡಿದ್ದಿಲ್ಲ. ಟೈಮಾಫೀಸಿನವನಿಗೆ ಅಂಥವರನ್ನು ಕಂಡರೆ ಎಷ್ಟು ಗೌರವ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಬಳಿ ಒಂದು ತೆಪ್ಪವಿತ್ತು. ಬಿದಿರು ಹೆಣೆದು, ಮೇಲೆ ಟಾರ್ಪಾಲು ಹೊದೆಸಿ, ಡಾಂಬರು ಬಳಿದ ದುಂಡನೆಯ ತೆಪ್ಪ. ಊರ ಕೆರೆಯಲ್ಲಿ ಅಂತರಗಂಗೆ ಬೆಳೆದಾಗಲೆಲ್ಲ ಯಾರೂ ಹೇಳದಿದ್ದರೂ ಅದರಲ್ಲಿ ಕುಳಿತು ಹೋಗಿ ಕಿತ್ತು ಹಾಕುತ್ತಿದ್ದರು. ಅವರ ಅಪ್ಪ ಆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯಂತೆ.

ಕಳೆದ ವರ್ಷ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕೆರೆ ಹಬ್ಬ ಮಾಡುವ ಹುರುಪು ಬಂತು. ಅಧ್ಯಕ್ಷ ಕೊಟ್ರೇಶ್ ಅವರು ಯಾವ ಕೆಲಸವನ್ನೂ ಮೈಕ್ ಇಲ್ಲದೆ ಮಾಡುವವರಲ್ಲ. ಹನ್ನೊಂದು ಜನರಿದ್ದ ಸಭೆಯಲ್ಲೂ ಮೈಕ್ ಹಿಡಿದು ಘೋಷಿಸಿದರು. "ಈ ಸಲ ದೋಣಿ ಸ್ಪರ್ಧೆ! ಗೆದ್ದೋರಿಗೆ ಮೈಸೂರು ಪೇಟ, ಶಾಲು, ಕಪ್ಪು!"

ಅಲ್ಲಿಯೇ ತೊಡಕು ಶುರುವಾಯಿತು. ದಂತವೈದ್ಯ ಜೀವನ್ ಎರಡು ಹಾಯಿಗಳ ಡಿಂಗಿ ದೋಣಿ ತರಿಸಿದ್ದ. ಕಾಲೇಜಿನಲ್ಲಿ ಪಾಠ ಹೇಳುವ ರಮ್ಯಶ್ರೀ ಬಳಿ ಒಂದೇ ಹಾಯಿಯ ಪುಟ್ಟ ಡಿಂಗಿ ಇತ್ತು. ಸಂಘದ್ದೇ ಆದ, ಹಂಸದ ಆಕಾರದ ಪೆಡಲ್ ದೋಣಿ ಇನ್ನೊಂದು. ನಾಲ್ಕನೆಯದು ಹನುಮಣ್ಣನ ತೆಪ್ಪ.

"ಇವೆಲ್ಲ ಒಟ್ಟಿಗೆ ಬಿಟ್ರೆ ಜೀವನ್ ಗೆಲ್ತಾನೆ, ಅಷ್ಟೆ. ಅದರಲ್ಲಿ ಸ್ಪರ್ಧೆ ಏನ್ ಬಂತು ಸಾರ್?" ಎಂದಳು ರಮ್ಯಶ್ರೀ. "ಹ್ಯಾಂಡಿಕ್ಯಾಪ್ ಹಾಕ್ಬೇಕು. ಒಂದೊಂದು ದೋಣಿಗೂ ಒಂದೊಂದು ನಂಬರ್. ನಿಧಾನದ ದೋಣಿಗೆ ದೊಡ್ಡ ನಂಬರ್. ಓಡಿದ ಟೈಮನ್ನ ಆ ನಂಬರಿಂದ ಭಾಗಿಸಿ ನೂರರಿಂದ ಗುಣಿಸ್ಬೇಕು. ಆಗ ದೋಣಿ ಗೆಲ್ಲಲ್ಲ, ನಡೆಸೋರು ಗೆಲ್ತಾರೆ."

"ಯಾರು ಹಾಕ್ತಾರೆ ನಂಬರು?" ಎಂದರು ಕೊಟ್ರೇಶ್.

ಸಭೆ ಸುಮ್ಮನಾಯಿತು. ಸುಮ್ಮನಿದ್ದ ಸಭೆಯಲ್ಲಿ ಬಾಯಿ ತೆರೆಯುವುದು ನನ್ನ ಹಳೆಯ ಕಾಯಿಲೆ. "ನಮ್ಮ ಫ್ಯಾಕ್ಟ್ರೀಲಿ ಇದೆಲ್ಲ ನಾನೇ ನೋಡ್ಕೋತಿದ್ದೆ. ಸೇಲಿಂಗ್ ಕ್ಲಬ್ ಇತ್ತು ನಮ್ದು" ಎಂದುಬಿಟ್ಟೆ.

ನಮ್ಮ ಕಾರ್ಖಾನೆಯಲ್ಲಿ ನೀರು ಇದ್ದದ್ದು ಕ್ಯಾಂಟೀನಿನ ಡ್ರಮ್ಮಿನಲ್ಲಿ ಮಾತ್ರ. ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ, ಪ್ಯಾಂಟು ಮೊಣಕಾಲಿಗೆ ಮಡಿಸಿಕೊಂಡು, ಕಲಾಳ ಕೈ ಹಿಡಿದುಕೊಂಡು.

"ಈಜೂ ಬರುತ್ತಾ ಸಾರ್?" ಎಂದ ಜೀವನ್.

"ನೀರು ಕುಡಿದಷ್ಟು ಸುಲಭ" ಎಂದೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಲಾ ಪಕ್ಕದವರಿಗೆ ಕೇಳುವಂತೆಯೇ ಹೇಳಿದಳು. "ಕುಡಿಯೋದೇ ಆಗುತ್ತೆ, ಬಿಡಿ."

ಆ ಭಾನುವಾರ ಪ್ರಾಯೋಗಿಕ ಓಟ. ಒಂದೊಂದು ದೋಣಿಯೂ ಒಂಟಿಯಾಗಿ ಕೆರೆ ಸುತ್ತಬೇಕು, ಹಿಡಿದ ಹೊತ್ತಿನಿಂದ ನಾನು ನಂಬರು ಕಟ್ಟಬೇಕು. ಕೊರಳಿಗೆ ಸ್ಟಾಪ್‌ವಾಚು ಹಾಕಿಕೊಂಡು, ಹಳೆಯ ರಿಜಿಸ್ಟರು ಬಗಲಲ್ಲಿಟ್ಟುಕೊಂಡು ದಡದಲ್ಲಿ ನಿಂತೆ. ಜೀವನ್ ಹತ್ತು ನಿಮಿಷದಲ್ಲಿ ಸುತ್ತಿ ಬಂದ. ನಂಬರು ನೂರು. ರಮ್ಯಶ್ರೀಗೆ ಹದಿನಾಲ್ಕು ನಿಮಿಷ. ನೂರ ನಲವತ್ತು. ಹಂಸವನ್ನು ಕೊಟ್ರೇಶ್ ಮತ್ತು ಅವರ ಶ್ರೀಮತಿ ತುಳಿದರು. ಅರ್ಧ ದಾರಿಯಲ್ಲಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗಬೇಕೆಂದು ವಾದಕ್ಕೆ ಬಿದ್ದುದರಿಂದ ಇಪ್ಪತ್ತು ನಿಮಿಷವಾಯಿತು. ಇನ್ನೂರು.

ತೆಪ್ಪದ ಸರದಿ ಬಂತು. "ಸಾರ್, ತೆಪ್ಪ ತಿರುಗ್ತಾ ಹೋಗುತ್ತೆ. ದಡದಿಂದ ಸರಿಯಾಗಿ ಗೊತ್ತಾಗಲ್ಲ. ನೀವು ಅನುಭವಸ್ಥರು, ಒಳಗೇ ಕೂತ್ಕೊಂಡು ನೋಡಿ" ಎಂದಳು ರಮ್ಯಶ್ರೀ. ಆ ಹುಡುಗಿಯ ಮಾತಿನಲ್ಲಿ ಕುಚೋದ್ಯ ಲವಲೇಶವೂ ಇರಲಿಲ್ಲ. ಅದೇ ನನಗೆ ಮುಳುವಾಯಿತು. ಅರವತ್ತು ಜನ ನೋಡುತ್ತಿದ್ದರು. ಸೇಲಿಂಗ್ ಕ್ಲಬ್ಬಿನ ಹಿರಿಯ ಸದಸ್ಯನು ಇಷ್ಟಗಲದ ಕೆರೆಗೆ ಹೆದರುತ್ತಾನೆಯೇ? ಹತ್ತಿ ಕುಳಿತೆ.

ದಡ ಬಿಟ್ಟು ಎರಡು ಮಾರು ಹೋಗುವಷ್ಟರಲ್ಲಿ ತೆಪ್ಪ ಒಂದು ಸುತ್ತು ತಿರುಗಿತು. ನನ್ನ ಹೊಟ್ಟೆ ಎರಡು ಸುತ್ತು ತಿರುಗಿತು. "ನಿಧಾನ, ಹನುಮಣ್ಣ, ನಿಧಾನ!" ಎಂದು ಕಿರುಚಿದೆ; ಕೊಟ್ರೇಶ್ ಮೈಕಿನ ಗದ್ದಲದಲ್ಲಿ ದಡದವರಿಗೆ ಅದು ಕೇಳಿಸಲಿಲ್ಲ.

"ಇನ್ನೂ ಹುಟ್ಟೇ ಹಾಕಿಲ್ವಲ್ಲ ಕಾಂತರಾಜಪ್ಪ."

"ಹಾಕಬೇಡಿ! ಅಥವಾ ಹಾಕಿ, ಮೆಲ್ಲಗೆ ಹಾಕಿ. ದಡದ ಪಕ್ಕ ಹೋಗೋಣ. ಇಲ್ಲಿ ಎಷ್ಟು ಆಳ ಇದೆ?"

"ಮೊಣಕಾಲುದ್ದ ಐತೆ. ಏನೂ ಆಗಾಕಿಲ್ಲ, ಸುಮ್ಕೆ ಕುಂತ್ಕಳಿ."

ಮೊಣಕಾಲುದ್ದದ ನೀರಿನಲ್ಲಿ ನಾನು ತೆಪ್ಪದ ಅಂಚನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ. ಸ್ಟಾಪ್‌ವಾಚು ಬಾಯಿಯಲ್ಲಿತ್ತು. ಹನುಮಣ್ಣ ಒಮ್ಮೆ ನನ್ನ ಮುಖ ನೋಡಿದರು. ನಗಲಿಲ್ಲ. ಆಮೇಲೆ ಜೊಂಡಿನ ಅಂಚು ಹಿಡಿದು, ಕೂಸನ್ನು ತೊಟ್ಟಿಲಲ್ಲಿ ತೂಗುವ ಹಾಗೆ ಮೆಲ್ಲಗೆ ತೆಪ್ಪ ನಡೆಸಿದರು. ನನ್ನ ಗಮನ ಬೇರೆ ಕಡೆ ಹೋಗಲಿ ಎಂದು ಹಳೆಯ ತೂಬು ಎಲ್ಲಿತ್ತು, ಯಾವ ಮೂಲೆಯಲ್ಲಿ ತಾವರೆ ಬಿಡುತ್ತಿತ್ತು, ಎಲ್ಲ ತೋರಿಸಿದರು. ಪಶ್ಚಿಮದ ಮೂಲೆಯಲ್ಲಿ ನನಗೆ ವಾಂತಿ ಬಂದಂತಾದಾಗ ಜೊಂಡು ಹಿಡಿದು ನಿಲ್ಲಿಸಿಕೊಂಡು ಕಾದರು.

"ಹನುಮಣ್ಣ, ಇದನ್ನ ಯಾರಿಗೂ ಹೇಳ್ಬೇಡಿ" ಎಂದೆ.

"ಯಾಕ್ ಹೇಳ್ಲಿ?"

"ಹಾಗಲ್ಲ. ಮಾತು ಕೊಡಿ."

ಹುಟ್ಟನ್ನು ಮೊಣಕಾಲ ಮೇಲಿಟ್ಟು ಕೈ ಚಾಚಿದರು. ನಾನು ಅಂಚಿನಿಂದ ಒಂದು ಕೈ ಬಿಡಿಸಿ, ಅವರ ಅಂಗೈ ಮುಟ್ಟಿ, ಮತ್ತೆ ಅಂಚು ಹಿಡಿದೆ.

ದಡ ಸೇರಿದಾಗ ಇಪ್ಪತ್ನಾಲ್ಕು ನಿಮಿಷ. ಪಾಪ, ವಯಸ್ಸಾದವರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ರಿಜಿಸ್ಟರಿನಲ್ಲಿ ಬರೆದೆ: ತೆಪ್ಪ, ಇನ್ನೂರ ನಲವತ್ತು. ತಪ್ಪು ಎಂದು ಕೈಗೆ ಗೊತ್ತಿತ್ತು. ಸರಿ ಮಾಡಬೇಕಾದರೆ ಮತ್ತೊಮ್ಮೆ ತೆಪ್ಪ ಹತ್ತಬೇಕು, ಇಲ್ಲವೇ ಕಾರಣ ಹೇಳಬೇಕು. ಎಪ್ಪತ್ನಾಲ್ಕರ ಮುದುಕರು, ಹೇಗಿದ್ದರೂ ಗೆಲ್ಲುವುದಿಲ್ಲ, ದೊಡ್ಡ ನಂಬರಿನಿಂದ ಯಾರಿಗೇನು ನಷ್ಟ ಎಂದು ಸಮಾಧಾನ ಮಾಡಿಕೊಂಡೆ. ಹೀಗೆ ಸಮಾಧಾನ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಉಲ್ಲಾಳದಲ್ಲಿ ಇಲ್ಲ.

ನಂಬರುಗಳನ್ನು ಸಂಘದ ಬೋರ್ಡಿಗೆ ಅಂಟಿಸಿದ್ದೇ ತಡ, ಬಡಾವಣೆ ಹೊತ್ತಿಕೊಂಡಿತು. ಜೀವನ್‌ನ ತಾಯಿ ನಮ್ಮ ಮನೆಗೇ ಬಂದರು. "ನಮ್ಮ ಹುಡುಗ ಡಾಕ್ಟ್ರು. ಅವನಿಗೆ ನೂರೇ ನೂರಾ? ಆ ತೆಪ್ಪಕ್ಕೆ ಇನ್ನೂರ ನಲವತ್ತಾ? ಏನ್ ಕಮ್ಮಿ ಮಾಡಿದೀವಿ ನಿಮಗೆ? ನಿಮ್ಮ ಹಲ್ಲು ನೋಡಿದ್ದು ಯಾರು?"

"ಇದು ಮಾರ್ಕ್ಸ್ ಅಲ್ಲಮ್ಮ" ಎಂದು ವಿವರಿಸಿದೆ. "ಗ್ರೇಸ್ ಟೈಂ ಇದ್ದ ಹಾಗೆ. ಹೇರೋಹಳ್ಳಿಯಿಂದ ನಡ್ಕೊಂಡು ಬರೋನಿಗೂ ಗೇಟಿನ ಎದುರುಗಡೆ ಮನೆ ಇರೋನಿಗೂ ಒಂದೇ ಗ್ರೇಸ್ ಕೊಟ್ರೆ ನ್ಯಾಯವಾ?"

"ಹಂಗಾದ್ರೆ ನಮಗೂ ಸ್ವಲ್ಪ ಜಾಸ್ತಿ ಹಾಕಿ. ನೂರಾ ಒಂದಾದ್ರೂ ಹಾಕಿ. ಶುಭ ಸಂಖ್ಯೆ" ಎಂದರು. ಹೋಗುವಾಗ ಕಲಾಳ ಕೈಗೆ ಒಂದು ಡಜನ್ ಬಾಳೆಹಣ್ಣನ್ನೂ ಇಟ್ಟರು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಂಬರು ಪಡೆಯುವುದೇ ಒಂದು ಹಕ್ಕು ಎಂದು ಜನ ತೀರ್ಮಾನಿಸಿದರು. ರಂಗೋಲಿ ಸ್ಪರ್ಧೆಗೆ ಹೆಸರು ಕೊಟ್ಟವರೊಬ್ಬರು ಮಂಡಿ ನೋವಿನ ಎಕ್ಸ್‌ರೇ ಹಿಡಿದು ಬಂದು ನೂರ ಐವತ್ತು ಕೇಳಿದರು. ನಿಂಬೆಹಣ್ಣು ಚಮಚದ ಓಟದವರು ಕೈ ನಡುಗುವುದಕ್ಕೆ ಬೇರೆ, ಕಣ್ಣು ಮಂಜಾಗಿರುವುದಕ್ಕೆ ಬೇರೆ ನಂಬರು ಬೇಕೆಂದರು. ಮಾತ್ರೆಯ ಚೀಟಿ ತೋರಿಸಿದವರೊಬ್ಬರಿಗೆ ಲಡ್ಡು ತಿನ್ನುವ ಸ್ಪರ್ಧೆಯಲ್ಲಿ ಸಕ್ಕರೆ ಕಾಯಿಲೆಯ ಹ್ಯಾಂಡಿಕ್ಯಾಪ್ ಬೇಕಾಗಿತ್ತು. ನಾನು ಪೋರ್ಟಿಕೋದಲ್ಲಿ ಮೇಜು ಹಾಕಿಕೊಂಡು ಕುಳಿತು ಎಲ್ಲರ ದೌರ್ಬಲ್ಯವನ್ನೂ ತೂಗಿ ಬರೆದೆ. ನಿವೃತ್ತಿಯ ನಂತರ ಅಷ್ಟು ಸಂತೋಷದ ವಾರವನ್ನು ನಾನು ಕಂಡಿರಲಿಲ್ಲ. ಹನುಮಣ್ಣ ಪಕ್ಕದಲ್ಲಿ ಕುಳಿತು, ಕಾಫಿ ಕುಡಿಯುತ್ತ, ಬಂದವರಿಗೆಲ್ಲ ಕುರ್ಚಿ ಎಳೆದು ಕೊಡುತ್ತಿದ್ದರು.

ಡಿಸೆಂಬರಿನ ಮೊದಲ ಭಾನುವಾರ ಕೆರೆ ಹಬ್ಬ. ಶಾಮಿಯಾನ, ಮೈಕು, ಉಪ್ಪಿಟ್ಟು ಕೇಸರಿಬಾತು. ಬೆಳಿಗ್ಗೆ ಹತ್ತಕ್ಕೆ ನಾಲ್ಕು ದೋಣಿಗಳೂ ಒಟ್ಟಿಗೆ ಹೊರಟವು. ಗಾಳಿ ಸಪ್ಪೆಯಾಗಿತ್ತು. ಹಂಸ ಅಂತರಗಂಗೆಯಲ್ಲಿ ಸಿಕ್ಕಿಬಿದ್ದು, ಅಧ್ಯಕ್ಷರು ಅಲ್ಲಿಂದಲೇ ಕೈಮೈಕಿನಲ್ಲಿ ವೀಕ್ಷಕ ವಿವರಣೆ ಮುಂದುವರಿಸಿದರು.

ಆಗ ನಾವೆಲ್ಲ ನೋಡಿದ್ದು ತೆಪ್ಪವನ್ನು. ಹನುಮಣ್ಣ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಕುಳಿತು, ಎಡಕ್ಕೊಂದು ಬಲಕ್ಕೊಂದು ಹುಟ್ಟು ಹಾಕುತ್ತಿದ್ದರು. ತೆಪ್ಪ ತಿರುಗುತ್ತಲೇ ಇರಲಿಲ್ಲ. ನೆಟ್ಟಗೆ ಬರುತ್ತಿತ್ತು. ಜೀವನ್ ಹನ್ನೊಂದು ನಿಮಿಷಕ್ಕೆ ದಡ ಮುಟ್ಟಿ ಎರಡೂ ಕೈ ಎತ್ತಿದ. ಅವನ ಕೈ ಇಳಿಯುವ ಮೊದಲೇ, ಹನ್ನೆರಡಕ್ಕೆ, ತೆಪ್ಪ ಬಂತು. ರಮ್ಯಶ್ರೀ ಹದಿನಾಲ್ಕಕ್ಕೆ ಬಂದಳು. ಜನ ಕುಣಿದಾಡಿದರು. ನಾನು ಮಾತ್ರ ರಿಜಿಸ್ಟರು ತೆರೆದು ಭಾಗಿಸುತ್ತಿದ್ದೆ. ಬೆವರುತ್ತಿದ್ದೆ.

ಜೀವನ್‌ಗೆ ಹನ್ನೊಂದು ನಿಮಿಷವೇ ಉಳಿಯಿತು. ರಮ್ಯಶ್ರೀಗೆ ಹತ್ತು. ತೆಪ್ಪಕ್ಕೆ ಐದು. ಐದು ನಿಮಿಷ! ಕೆರೆಯ ಸುತ್ತ ಮೋಟಾರು ಬೈಕಿನಲ್ಲಿ ಹೋದರೂ, ನಮ್ಮ ರಸ್ತೆಗಳ ಸ್ಥಿತಿಯಲ್ಲಿ, ಐದು ನಿಮಿಷಕ್ಕೆ ಬರಲಾಗುವುದಿಲ್ಲ.

ಅಷ್ಟರಲ್ಲಿ ಹಂಸದಿಂದ ಬಿಡುಗಡೆಯಾಗಿ ಬಂದ ಕೊಟ್ರೇಶ್ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಓದಿಯೇಬಿಟ್ಟರು. ಹನುಮಣ್ಣನನ್ನು ವೇದಿಕೆಗೆ ಕರೆದು ಪೇಟ ತೊಡಿಸಿದರು. ಹನುಮಣ್ಣನ ಹೆಂಡತಿ ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೇಟ ಹನುಮಣ್ಣನ ತಲೆಗೆ ಅಳತೆ ತೆಗೆದು ಹೊಲಿದಂತೆ ಕುಳಿತಿತ್ತು.

"ಒಂದ್ನಿಮಿಷ" ಎಂದ ಜೀವನ್. "ಟ್ರಯಲ್‌ನಲ್ಲಿ ಇಪ್ಪತ್ನಾಲ್ಕು ನಿಮಿಷ. ಇವತ್ತು ಹನ್ನೆರಡು. ಹೇಗ್ ಸಾರ್ ಇದು? ಬೇಕಂತ ನಿಧಾನ ಬಂದು ದೊಡ್ಡ ನಂಬರ್ ಹೊಡ್ಕೊಂಡಿದಾರೆ. ಇದು ಮೋಸ!"

"ಯಾರಾದ್ರೂ ಮೈಕ್ ಆಫ್ ಮಾಡ್ರೀ" ಎಂದು ಕೊಟ್ರೇಶ್ ಮೈಕಿನಲ್ಲಿ ಹೇಳಿದರು. ಯಾರೂ ಮಾಡಲಿಲ್ಲ. ಮುಂದಿನದೆಲ್ಲ ಇಡೀ ಉಲ್ಲಾಳಕ್ಕೆ ಕೇಳಿಸಿತು.

"ಹನುಮಯ್ಯನೋರೇ, ಅವತ್ತು ಅಷ್ಟು ತಡ ಯಾಕಾಯ್ತು?" ಎಂದು ಕೊಟ್ರೇಶ್ ಕೇಳಿದರು.

ಹನುಮಣ್ಣ ನನ್ನ ಕಡೆ ತಿರುಗಿದರು. ನಾನು ಸ್ಟಾಪ್‌ವಾಚು ನೋಡಿಕೊಂಡೆ. ಅದು ನಿಂತಿತ್ತು, ಆದರೂ ನೋಡಿದೆ. ಸ್ವಲ್ಪ ಹೊತ್ತು ಕಾದರು. ನಾನು ಬಾಯಿ ಬಿಡಲಿ ಎಂದು ಕಾದರು ಎಂದು ನನಗೆ ಈಗಲೂ ಖಾತ್ರಿ ಇದೆ.

"ಅವತ್ತು ತೋಳು ನೋವಿತ್ತು" ಎಂದರು.

"ತೋಳು ನೋವಾ?" ಎಂದ ಜೀವನ್. ಹಿಂದೆ ಯಾರೋ ಕಿಸಕ್ಕೆಂದರು. "ಕಾಂತರಾಜು ಅಂಕಲ್ ಒಳಗೇ ಇದ್ರಲ್ಲ. ಅವರನ್ನೇ ಕೇಳಿ."

ಕೊಟ್ರೇಶ್ ಮೈಕನ್ನು ನನ್ನ ಬಾಯಿಗೆ ಹಿಡಿದರು. "ಹೇಳಿ ಸಾರ್. ನಿಮ್ಮ ಸೇಲಿಂಗ್ ಕ್ಲಬ್ಬಿನ ಅನುಭವದಲ್ಲಿ, ಇವರು ಬೇಕಂತ ನಿಧಾನ ಮಾಡಿದ್ರಾ?"

ಹೇಳಬೇಕಾದ ಮಾತು ಚಿಕ್ಕದು. 'ನಾನು ಹೆದರಿ ಕಿರುಚಿದೆ, ಅವರು ನನಗೋಸ್ಕರ ನಿಧಾನ ಮಾಡಿದರು.' ನಾಲ್ಕು ಸೆಕೆಂಡು ಸಾಕು. ಎದುರಿಗೆ ಇನ್ನೂರು ಜನ, ಅವರಲ್ಲಿ ನನ್ನಿಂದ ನಂಬರು ಪಡೆದವರೇ ಅರ್ಧಕ್ಕರ್ಧ. ಬಾಯಿ ತೆರೆದೆ. ಮೂವತ್ತೊಂದು ವರ್ಷದ ಅಭ್ಯಾಸ ಮುಂದೆ ಬಂತು.

"ಗಡಿಯಾರ ತೋರಿಸಿದ್ದನ್ನ ಬರೆದಿದೀನಿ" ಎಂದೆ.

ಹನುಮಣ್ಣ ಎರಡೂ ಕೈಯಿಂದ ಪೇಟ ತೆಗೆದು, ಧೂಳಿಲ್ಲದಿದ್ದರೂ ಒಮ್ಮೆ ಕೊಡವಿ, ಮೇಜಿನ ಮೇಲಿಟ್ಟರು. "ತಗಳಪ್ಪ" ಎಂದರು, ಯಾರಿಗೆಂದು ತಿಳಿಯಲಿಲ್ಲ. ಹುಟ್ಟನ್ನು ಹೆಗಲಿಗೇರಿಸಿಕೊಂಡು ಶಾಮಿಯಾನದ ನಡುವಿನಿಂದಲೇ ನಡೆದು ಹೋದರು. ಮುನಿತಾಯಮ್ಮ ಹಿಂದೆಯೇ ಹೋದರು. ನನ್ನ ಮುಂದೆ ಹಾದು ಹೋಗುವಾಗ ಅವರು ನನ್ನನ್ನು ನೋಡಿದ ನೋಟಕ್ಕೆ ಕಲಾ ತಲೆ ತಗ್ಗಿಸಿದಳು.

ಆಮೇಲೆ ಲೆಕ್ಕದ ಪ್ರಕಾರ ಬಹುಮಾನ ರಮ್ಯಶ್ರೀಗೆ ಹೋಯಿತು. ತಕರಾರು ಎತ್ತಿದ ಜೀವನ್ ಎರಡನೆಯವನಷ್ಟೇ ಆಗಿ, ಅದರ ವಿರುದ್ಧವೂ ಒಂದು ತಕರಾರು ಬರೆದುಕೊಟ್ಟ. "ನನಗೆ ಈ ಪೇಟ ಬೇಡ ಸಾರ್" ಎಂದು ರಮ್ಯಶ್ರೀ ಹಟ ಹಿಡಿದಳು. ಕೊನೆಗೆ ಗುಂಪು ಫೋಟೋದಲ್ಲಿ ಅದು ಕೊಟ್ರೇಶ್ ತಲೆಯ ಮೇಲಿತ್ತು. ಫೋಟೋ ಇವತ್ತಿಗೂ ಸಂಘದ ಕಚೇರಿಯಲ್ಲಿದೆ.

ಮರುದಿನ ಆರೂವರೆಗೆ ಕಲಾ ಎರಡು ಲೋಟ ತಂದಿಟ್ಟಳು. ಹನುಮಣ್ಣ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. "ನಿಮ್ಮ ಗಡಿಯಾರ ಏನು ತೋರಿಸ್ತಿದೆ?" ಎಂದು ಕಲಾ ಕೇಳಿದಳು. ಆಗ ಎಲ್ಲ ಹೇಳಿದೆ. ಕೇಳಿ ಎರಡನೆಯ ಲೋಟವನ್ನು ಒಳಗೆ ಇಟ್ಟು ಬಂದಳು.

"ಈಜು ಬರಲ್ಲ ಅಂತ ಹೇಳಕ್ಕೆ ಅಷ್ಟು ನಾಚಿಕೆನಾ? ನನಗೆ ಗೊತ್ತಿತ್ತು, ಹಾಲಿನವನಿಗೆ ಗೊತ್ತಿತ್ತು. ಇನ್ಯಾರಿಗೆ ಗೊತ್ತಾಗಬಾರದಿತ್ತು ನಿಮಗೆ? ಎದ್ದು ಹೋಗಿ ಹೇಳಿ ಬನ್ನಿ."

"ಇವತ್ತು ಮಂಗಳವಾರ. ಭಾನುವಾರ ಹೋಗ್ತೀನಿ" ಎಂದೆ.

ಎಷ್ಟೋ ಭಾನುವಾರಗಳು ಹೋದವು. ಅಷ್ಟರಲ್ಲಿ 'ತೋಳು ನೋವು' ಊರಿನ ಮಾತಾಯಿತು. ಮೈದಾನದಲ್ಲಿ ಹುಡುಗರು ಕ್ಯಾಚು ಬಿಟ್ಟವನಿಗೆ "ಏನ್ ಗುರು, ತೋಳು ನೋವಾ?" ಎನ್ನತೊಡಗಿದರು. ತರಕಾರಿ ತೂಕದಲ್ಲಿ ಮೋಸವಾದರೆ "ತಕ್ಕಡಿಗೆ ತೋಳು ನೋವು" ಎಂದರು. ಒಂದು ದಿನ ನಾಯಂಡಹಳ್ಳಿಯಿಂದ ಬರುವ ಬಸ್ಸಿನಲ್ಲಿ, ಹನುಮಣ್ಣನನ್ನು ಕಂಡೇ ಇರದ ಕಂಡಕ್ಟರ್, ಚಿಲ್ಲರೆ ಇಲ್ಲ ಎಂದವನಿಗೆ "ನಿನಗೂ ಉಲ್ಲಾಳದ ತೋಳು ನೋವಾ ಮಗಾ?" ಎಂದ. ಬಸ್ಸೆಲ್ಲ ನಕ್ಕಿತು. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಮುನಿತಾಯಮ್ಮ ಕುಳಿತಿದ್ದರು. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ನಾನು ಎರಡು ಸ್ಟಾಪು ಮೊದಲೇ ಇಳಿದು ನಡೆದುಬಂದೆ.

ಆ ಸಂಜೆಯೇ ಕುಳಿತು ಸಂಘದ ವಾಟ್ಸ್ಯಾಪ್ ಗುಂಪಿಗೆ ಬರೆದೆ. ನನಗೆ ಈಜು ಬರುವುದಿಲ್ಲ, ಸೇಲಿಂಗ್ ಕ್ಲಬ್ ಇರಲಿಲ್ಲ, ತೆಪ್ಪ ನಿಧಾನವಾದದ್ದು ನಾನು ಕಿರುಚಿದ್ದರಿಂದ, ಹನುಮಣ್ಣ ನನ್ನ ಮಾನ ಕಾಯಲು ಸುಳ್ಳು ನೋವು ಹೇಳಿದರು, ತಪ್ಪೆಲ್ಲ ನನ್ನದು. ಇಪ್ಪತ್ತೆರಡು ಸಾಲು. ಕಳಿಸಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಬರುವ ಬಿರುಗಾಳಿಗೆ ಕಾದೆ.

ಅರ್ಧ ಗಂಟೆಯ ನಂತರ ತೆಗೆದು ನೋಡಿದರೆ ಎರಡು ಹೆಬ್ಬೆಟ್ಟು. ಅದರ ಕೆಳಗೆ "ವಾಟರ್ ಟ್ಯಾಂಕರ್ ನಂಬರ್ ಯಾರ ಹತ್ರ ಇದೆ?" ಅದರ ಕೆಳಗೆ ಯಾರದೋ ಮೊಮ್ಮಗಳ ಹುಟ್ಟುಹಬ್ಬದ ಕೇಕು. ಜೀವನ್ ಮಾತ್ರ ಬರೆದಿದ್ದ: "ಹಳೇ ಮ್ಯಾಟರ್ ಅಂಕಲ್, ಬಿಟ್ಟಾಕಿ." ಕೊಟ್ರೇಶ್ ಅವರದು: "ಮುಂದಿನ ವರ್ಷದ ನಂಬರ್ ಕೂಡ ನೀವೇ ಹಾಕಬೇಕಾಗಿ ವಿನಂತಿ." ರಮ್ಯಶ್ರೀ ಗುಂಪಿನಲ್ಲಿ ಏನೂ ಬರೆಯದೆ ನನಗೊಬ್ಬನಿಗೇ ಒಂದು ಸಾಲು ಕಳಿಸಿದ್ದಳು. "ಅವರಿಗೆ ಹೇಳಿದ್ರಾ ಸಾರ್?"

ಹೇಳಿರಲಿಲ್ಲ.

ಬೆಳಿಗ್ಗೆ ಎದ್ದವನೇ ಹೋದೆ. ಮುನಿತಾಯಮ್ಮ ಬಾಗಿಲಲ್ಲೇ ನಿಂತು, "ಕೆರೆತಾವ ಹೋಗವ್ರೆ" ಎಂದಷ್ಟೇ ಹೇಳಿದರು. ಒಳಗೆ ಬನ್ನಿ ಎನ್ನಲಿಲ್ಲ.

ಹನುಮಣ್ಣ ದಡದಲ್ಲಿ ತೆಪ್ಪವನ್ನು ಮಗುಚಿ ಹಾಕಿಕೊಂಡು, ಸೀಳಿದ ಟಾರ್ಪಾಲಿಗೆ ತೇಪೆ ಹಾಕುತ್ತಿದ್ದರು. ನಾನು ನಿಂತುಕೊಂಡೇ ಒದರಿಬಿಟ್ಟೆ. ಎಲ್ಲರಿಗೂ ಬರೆದು ತಿಳಿಸಿದ್ದೇನೆ, ಇನ್ನು ನಿಮ್ಮ ಮೇಲೆ ಯಾವ ಮಾತೂ ಇಲ್ಲ, ನನ್ನನ್ನು ಕ್ಷಮಿಸಿ ಎಂದೆ.

ಅವರು ತೇಪೆಯನ್ನು ಒತ್ತಿ ಹಿಡಿದರು. "ಯಾಕ್ ಹೇಳಾಕೋದ್ರಿ? ನಾನು ಮಾತು ಕೊಟ್ಟಿದ್ನಲ್ಲ. ಮೂರು ತಿಂಗಳಿಂದ ಬಾಯಿ ಬುಟ್ಟಿಲ್ಲ, ನಮ್ಮೋಳ ಹತ್ರಾನೂ ಬುಟ್ಟಿಲ್ಲ. ಅದನ್ನೂ ನೀವೇ ಕೆಡಿಸ್ಕಂಡ್ರಲ್ಲ."

ತೇಪೆ ಅಂಟಿದ ಮೇಲೆ ಅವರು ತೆಪ್ಪವನ್ನು ಸರಿ ಮಾಡಿ ನೀರಿಗೆ ತಳ್ಳಿದರು. "ಸೋರ್ತದಾ ಅಂತ ನೋಡ್ಬೇಕು. ಕುಂತ್ಕಳಿ."

ಕುಳಿತೆ. ಅಂಚು ಹಿಡಿದೆ, ಆದರೆ ಬಾಯಿ ಬಿಗಿದುಕೊಂಡೆ. ಹನುಮಣ್ಣ ಮಂಡಿಯೂರಿ ಹುಟ್ಟು ಹಾಕಿದರು. ಕೆರೆಯ ನಡುವಿನಿಂದ ಹೋದೆವು. ನೀರು ಕಪ್ಪಗಿತ್ತು, ಮೊಣಕಾಲುದ್ದವಂತೂ ಇರಲಿಲ್ಲ. ಕಣ್ಣು ಮುಚ್ಚಿದೆ, 'ನಿಧಾನ' ಎಂಬ ಮಾತು ಹಲ್ಲಿನ ತನಕ ಬಂತು. ನುಂಗಿಕೊಂಡೆ. ದಡ ತಾಗಿದಾಗ ಕಣ್ಣು ಬಿಟ್ಟು ಕೈಗಡಿಯಾರ ನೋಡಿದೆ. ಹೊರಟಾಗ ನೋಡಿಕೊಂಡಿದ್ದೆ. ಅಭ್ಯಾಸ ಎಲ್ಲಿ ಹೋಗುತ್ತದೆ.

"ಎಷ್ಟಾಯ್ತು?" ಎಂದರು.

"ಹದಿಮೂರು ನಿಮಿಷ. ನನ್ನ ಭಾರವನ್ನೂ ಹೊತ್ಕೊಂಡು." ನಂಬರು ತಾನಾಗಿಯೇ ತಲೆಯಲ್ಲಿ ಬಿತ್ತು. ಹದಿಮೂರಕ್ಕೆ ನೂರ ಮೂವತ್ತು. ಹಬ್ಬದ ದಿನದ ಹನ್ನೆರಡು ನಿಮಿಷವನ್ನು ಅದರಿಂದ ಭಾಗಿಸಿದರೆ ಒಂಬತ್ತೂ ಕಾಲು. ರಮ್ಯಶ್ರೀಯದು ಹತ್ತು. ಎರಡು ಸಲ ಲೆಕ್ಕ ಹಾಕಿದೆ. ಅದೇ ಬಂತು.

"ಹನುಮಣ್ಣ, ನಾನು ಸರಿಯಾದ ನಂಬರ್ ಹಾಕಿದ್ರೂ ನೀವೇ ಗೆಲ್ತಿದ್ರಿ. ಯಾರೂ ಒಂದು ಮಾತು ಆಡೋ ಹಾಗಿರಲಿಲ್ಲ."

"ಅದು ನಂಗೆ ಅವತ್ತೇ ಗೊತ್ತಿತ್ತು, ಬುಡಿ" ಎಂದರು.

ತೆಪ್ಪವನ್ನು ಬೆನ್ನಿಗೆ ಕವುಚಿಕೊಂಡು ಅವರು ಮುಂದೆ ಹೊರಟರು. ನಾನು ಹುಟ್ಟು ಹಿಡಿದುಕೊಂಡು ಹಿಂದೆ ನಡೆದೆ. "ಕಾಫಿಗೆ ಬನ್ನಿ ಅಣ್ಣ" ಎಂದೆ. ತೆಪ್ಪದ ಒಳಗಿನಿಂದ ಅವರಿಗೆ ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳುವ ಧೈರ್ಯವಾಗಲಿಲ್ಲ.

ನಮ್ಮ ಗೇಟು ಬಂತು. ಕಲಾ ಪೋರ್ಟಿಕೋದಲ್ಲಿ ನಿಂತಿದ್ದಳು, ಮೇಜಿನ ಮೇಲೆ ಎರಡು ಲೋಟ. ಗೇಟಿನ ಎದುರಿಗೆ ಹನುಮಣ್ಣನ ಹೆಜ್ಜೆ ನಿಧಾನವಾಯಿತು. ಕಲಾ ಸೆರಗು ಸರಿಮಾಡಿಕೊಂಡಳು. ಅವರು ನಿಲ್ಲಲಿಲ್ಲ. ಅದೇ ನಿಧಾನದಲ್ಲಿ ಗೇಟು ದಾಟಿ, ತಿರುವಿನಲ್ಲಿ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು, ಮನೆಯ ಕಡೆ ಹೊರಳಿದರು.

ನಾನು ವಾಪಸು ಬಂದಾಗ ಕಲಾ ಎರಡನೆಯ ಲೋಟದ ಮೇಲೆ ತಟ್ಟೆ ಮುಚ್ಚಿದ್ದಳು.